ಟಿಕಳಿ ಹಚ್ಚಿದ ಗಡಿಯಾರ

ಅಡುಗೆಮನೆಯ ಗಡಿಯಾರಕ್ಕೆ ಯಾಕೆ ಟಿಕಳಿ ಹಚ್ಚಿದ್ದೀ ಎಂದು ನೀವು ಮೂವರೂ ಒಬ್ಬೊಬ್ಬರಾಗಿ ನನ್ನನ್ನು ಕೇಳಿದ್ದೀರಿ. ಪ್ರತಿ ಸಲವೂ ನಾನು "ಛಂದ ಕಾಣ್ತದಂತ" ಎಂದು ಹೇಳಿ ರೊಟ್ಟಿ ಬಡಿಯುತ್ತ ಕೂತಿದ್ದೇನೆ. ಅದು ಸುಳ್ಳು. ಗಡಿಯಾರದ ಮುಖದ ಮೇಲೆ ಹಣೆಗೆ ಹಚ್ಚುವ ಟಿಕಳಿ ಮೂರು ಕೆಂಪು, ಮೂರು ಹಸಿರು ಇದ್ದರೆ ಅದು ಛಂದ ಕಾಣುವುದಿಲ್ಲ, ಮೈಮೇಲೆ ದಡಾರ ಎದ್ದ ಕೂಸಿನ ಹಾಗೆ ಕಾಣುತ್ತದೆ.

ಖರೇ ಸಂಗತಿಯನ್ನು ಬಾಯಿಂದ ಹೇಳೋಣವೆಂದರೆ ನನ್ನ ಸ್ವಭಾವ ನಿಮಗೆ ಗೊತ್ತಲ್ಲ. ಎದುರಿಗೆ ನಾಲ್ಕು ಜನ ಕೂತರೆ, ಅವರು ನನ್ನ ಮೊಮ್ಮಕ್ಕಳೇ ಆದರೂ, ನನಗೆ ಮಾತು ಮರೆತು ಹೋಗುತ್ತದೆ. ಬರೆಯುವುದು ಪರವಾಗಿಲ್ಲ. ಹಾಳೆ ನನ್ನ ಮುಖ ನೋಡುವುದಿಲ್ಲ. ಮುಗದದ ಸಾಲಿಯಲ್ಲಿ ಏಳನೆಯ ಇಯತ್ತೆಯ ತನಕ ಕಲಿತವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಆ ಟಿಕಳಿ ಹಚ್ಚಿಸಿದವರು ಹುಬ್ಬಳ್ಳಿಯ ಒಬ್ಬ ಗಡಿಯಾರ ರಿಪೇರಿಯವರು. ಹೋದ ತಿಂಗಳು ತೀರಿಕೊಂಡರು. ಅವರ ಹೆಸರು ನನಗೆ ಗೊತ್ತಿದ್ದರೂ ಒಂದು ಸಲವೂ ಬಾಯಿಂದ ಆಡಿದವಳಲ್ಲ. ಎಲ್ಲರೂ ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಇಲ್ಲಿಯೂ ಅವರು ಚಾಚಾ ಆಗಿಯೇ ಇರಲಿ.

ನಿಮ್ಮ ಅಜ್ಜ ಬಸ್ ಕಂಡಕ್ಟರ್ ಆಗಿದ್ದರು ಎಂಬುದು ನಿಮಗೆ ಗೊತ್ತು. ಅವರು "ರೈಟ್" ಅಂದರೆ ಬಸ್ಸಷ್ಟೇ ಅಲ್ಲ, ರಸ್ತೆ ಬದಿಯಲ್ಲಿ ನಿಂತ ಎಮ್ಮೆಯೂ ಹೊರಡುತ್ತಿತ್ತು. ನಿವೃತ್ತಿಯಾಗಿ ಮೂರು ವರ್ಷಕ್ಕೆ ಅವರ ಬಲಗೈ ನಡುಗತೊಡಗಿತು. ಕಾಲು ಎಳೆದಂತಾಯಿತು. ಆ ದನಿ ಇಳಿದು ಇಳಿದು, ಪಡಸಾಲೆಯಿಂದ ನೀರು ಕೇಳಿದರೆ ಅಡುಗೆಮನೆಗೆ ಮುಟ್ಟದ ಹಾಗಾಯಿತು. ಹುಬ್ಬಳ್ಳಿಯ ಮಿದುಳಿನ ಡಾಕ್ಟರಮ್ಮ ಇದಕ್ಕೆ ಪಾರ್ಕಿನ್ಸನ್ ಅನ್ನುತ್ತಾರೆ ಎಂದು ಹೇಳಿ ಹಳದಿ ಗುಳಿಗೆ ಬರೆದುಕೊಟ್ಟರು. ದಿನಕ್ಕೆ ನಾಲ್ಕು. ನಾವು ಧಾರವಾಡದಿಂದ ಬಸ್ಸು ಹತ್ತಿ ತಿಂಗಳಿಗೊಮ್ಮೆ ಅಲ್ಲಿಗೆ ಹೋಗುತ್ತಿದ್ದೆವು.

ಡಾಕ್ಟರರ ಕೋಣೆಯ ಹೊರಗೆ ಒಂದು ಉದ್ದ ಬೆಂಚು. ಆ ಬೆಂಚಿನ ತುದಿಯಲ್ಲಿ ಚಾಚಾ. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಜುಬ್ಬಾ, ನಡುಗುವ ಎಡಗೈಯಲ್ಲಿ ಸಾಲಾಗಿ ಮೂರು ಕೈಗಡಿಯಾರ. ನಾನು ಅದನ್ನೇ ನೋಡುತ್ತಿದ್ದುದು ಅವರಿಗೆ ಗೊತ್ತಾಯಿತು.

"ಇವು ಆಟೋಮ್ಯಾಟಿಕ್ ಗಡಿಯಾರ್ರಿ ತಂಗೆವ್ವಾ," ಅಂದರು. "ಕೈ ಅಳ್ಳಾಡಿದ್ರ ತಾವ ಚಾವಿ ತುಂಬಕೋತಾವ. ಗಿರಾಕಿ ಮಂದಿ ಕಪಾಟನ್ಯಾಗ ಇಟ್ಟು ನಿಂದರಸಿ ತರ್ತಾರ. ನಾ ಒಂದ ದಿನ ಕಟಗೊಂಡ್ನೆಂದ್ರ ಮುಂದ ಎರಡ ದಿನ ಓಡತಾವ. ಅಲ್ಲಾ ಕೊಟ್ಟ ಬ್ಯಾನಿ, ಸುಮ್ಮನ ಯಾಕ ಹಾಳ ಮಾಡೂದು?"

ನಿಮ್ಮ ಅಜ್ಜ ಆ ವರ್ಷ ಮೊದಲ ಬಾರಿ ನಕ್ಕರು. ಆ ಕಾಯಿಲೆಯಲ್ಲಿ ಮುಖ ಬಿಗಿದುಕೊಂಡು ನಗು ಹೊರಗೆ ಕಾಣುವುದಿಲ್ಲ, ಆದರೆ ನಲವತ್ತು ವರ್ಷ ಜೊತೆಗಿದ್ದವಳಿಗೆ ಭುಜ ನೋಡಿದರೆ ಸಾಕು.

ಚಾಚಾ ನಡುಕದ ಕೈಯಿಂದ ಸಣ್ಣ ತಿರುಪು ಹಿಡಿಯಲಾಗದೆ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟಿದ್ದರು. ಈಗ ಬೆಂಚೇ ಅವರ ಅಂಗಡಿ. ಹೊಸದಾಗಿ ಬಂದವರಿಗೆಲ್ಲ ಒಂದೇ ಪಾಠ: "ಮಿದುಳಿನ್ಯಾಗ ಒಂದ ಥರಾ ಎಣ್ಣಿ ಇರತದ್ರಿ, ನಮ್ಮದು ಒಣಗೇದ. ಈ ಹಳದಿ ಗುಳಿಗಿ ಎಣ್ಣಿ ಬಿಟ್ಟಂಗ. ಎಣ್ಣಿ ಬಿಟ್ರ ಹಳೇ ಗಡಿಯಾರ ಹೊಸಾದು ಆಗೂದಿಲ್ಲ, ಆದ್ರ ನಡೀತದ. ವ್ಯಾಳ್ಯಾಕ್ಕ ಬಿಡಬೇಕು, ಅಷ್ಟ."

ಎಷ್ಟು ಗುಳಿಗೆ ತಿನ್ನಬೇಕು ಎಂದು ಯಾರಾದರೂ ಕೇಳಿದರೆ ಮಾತ್ರ ಎರಡೂ ಕೈ ಮೇಲೆತ್ತಿಬಿಡುತ್ತಿದ್ದರು. "ನಾ ಗಡಿಯಾರ ರಿಪೇರಿಯಾಂವ. ಮನಶಾರ ರಿಪೇರಿ ಒಳಗ ಕುಂತಾರಲ್ಲ, ಅವರದು."

ಅವರ ಇನ್ನೊಂದು ಮಾತು ನೆನಪಿದೆ. ಶಿರಗುಪ್ಪಿಯ ಕಡೆಯಿಂದ ಒಬ್ಬ ಹಿರಿಯರು ಸೊಸೆಯ ಜೊತೆ ಬರುತ್ತಿದ್ದರು. ಬಹಳ ಹಿಡಿತದ ಮನುಷ್ಯ, ಚಹಾ ಕುಡಿದ ಕಾಗದದ ಕಪ್ಪನ್ನೂ ಚೀಲದಲ್ಲಿಟ್ಟುಕೊಳ್ಳುವವರು. ಒಂದು ದಿನ ಸೊಸೆ ಬೆಂಚಿನ ಮೇಲೆ ಕೂತು ಅಳುವುದೊಂದು ಬಾಕಿ. "ಮಾವ್ನೋರು ಬಕೀಟ ತರಾಕತ್ತಾರ್ರಿ," ಅಂದಳು.

"ಬಕೀಟ ತಂದ್ರ ಏನಾತವ್ವ?" ಎಂದರು ಚಾಚಾ.

"ಹದಿನೇಳು ಬಕೀಟ್ರಿ! ನಮ್ಮ ಮನ್ಯಾಗ ಇರೂದ ಒಂದ ನಳ!"

ಮಾವ ಗೋಡೆ ನೋಡುತ್ತ, "ಬಣ್ಣ ಭಾಳ ಛಲೋ ಇದ್ದೂ," ಎಂದರು.

ನಾವೆಲ್ಲ ಬಾಯಿಗೆ ಸೆರಗು ಮುಚ್ಚಿಕೊಂಡೆವು. ಚಾಚಾ ಮಾತ್ರ ನಗಲಿಲ್ಲ. ಮುಂದಕ್ಕೆ ಬಾಗಿ, ಹೊಸ ಗುಳಿಗೆ ಯಾವಾಗ ಶುರುವಾಯಿತು, ಬಕೀಟು ಯಾವಾಗ ಶುರುವಾಯಿತು ಎಂದು ಕೇಳಿದರು. ಗುಳಿಗೆ ಮೊದಲು, ಬಕೀಟು ಆಮೇಲೆ. "ಹಾಂ. ಇದು ನಿಮ್ಮ ಮಾವನ ಗುಣ ಅಲ್ಲವಾ. ಇದು ಗುಳಿಗಿ ಗುಣ. ಕೆಲವು ಗುಳಿಗಿ ಹಿಂಗ ಹುಚ್ಚು ಹಚ್ಚತಾವ, ಒಬ್ಬರಿಗೆ ಖರೀದಿ, ಒಬ್ಬರಿಗೆ ಇಸ್ಪೀಟು. ನಾಚಬ್ಯಾಡ್ರಿ. ತಾವ ಬಿಡಬ್ಯಾಡ್ರಿ. ಒಳಗ ಹೋಗಿ ಡಾಕ್ಟರ್ ಬಾಯಾರಿಗೆ ಹೇಳ್ರಿ, ಬಕೀಟಿನ ಲೆಕ್ಕ ಸುದ್ದಾ ಹೇಳ್ರಿ."

ಡಾಕ್ಟರರು ಗುಳಿಗೆ ಬದಲಿಸಿದರು. ಬಕೀಟು ನಿಂತವು. ಮುಂದಿನ ತಿಂಗಳು ಸೊಸೆ ಚಾಚಾನಿಗೆ ಒಂದು ನೀಲಿ ಬಕೀಟು ತಂದುಕೊಟ್ಟಳು, ಅವರ ಪಕ್ಕ ಕೂತ ಹೆಂಗಸಿಗೆ ಒಂದು, ನನಗೂ ಒಂದು. ನೀವು ಚಿಕ್ಕವರಿದ್ದಾಗ ನೀರಾಟ ಆಡಿದ್ದು ಅದರಲ್ಲೇ.

ಬೇರೆಯವರ ಬಕೀಟಿಗೆ ನಕ್ಕ ನನ್ನ ಕಥೆ ಏನಿತ್ತು, ಈಗ ಹೇಳುತ್ತೇನೆ. ಇದನ್ನು ಹೇಳಲು ಇಷ್ಟು ವರ್ಷ ಆದ ಮೇಲೂ ನನಗೆ ನಾಚಿಕೆ.

ಆರು ತಿಂಗಳು ಗುಳಿಗೆ ತಿಂದರೂ ನಿಮ್ಮ ಅಜ್ಜನಿಗೆ ಹೇಳಿಕೊಳ್ಳುವಂಥ ಗುಣವಿರಲಿಲ್ಲ. ಅದೇ ಹೊತ್ತಿಗೆ ನಿಮ್ಮ ಅವ್ವ ಬಸುರಿಯಾದಳು. ನಿಮ್ಮಲ್ಲಿ ಹಿರಿಯಳು ಹೊಟ್ಟೆಯಲ್ಲಿದ್ದಳು. ಮನೆಯೆಲ್ಲ ಸಂಭ್ರಮದಲ್ಲಿರುವಾಗ ಅಜ್ಜ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು ಹೇಳಿದರು: "ಕೂಸು ಬಂದ ಮ್ಯಾಲ ನನ್ನ ತೊಡಿ ಮ್ಯಾಲ ಇಡಬ್ಯಾಡ್ರಿ. ಬೀಳಸ್ತೇನಿ." ಮತ್ತೆ ಗುಳಿಗೆಯ ಡಬ್ಬಿಯನ್ನು ಆಚೆ ಸರಿಸಿ, "ಗುಳಿಗಿ ತಿಂದ್ರೂ ಅಷ್ಟ, ಬಿಟ್ರೂ ಅಷ್ಟ. ನಾಳಿಂದ ಬ್ಯಾಡ," ಎಂದರು.

ಸಾವಿರಾರು ಜನರ ಕೂಸುಗಳನ್ನು ಹಿಡಿದು ಬಸ್ಸು ಹತ್ತಿಸಿ ಇಳಿಸಿದ ಕೈ ಅದು. ನಾಳೆ ಹೇಗೂ ಹುಬ್ಬಳ್ಳಿಗೆ ಹೋಗುವುದಿದೆ, ಅಲ್ಲಿಯ ತನಕ ತಿನ್ನಿರಿ ಎಂದು ಕೈಕಾಲು ಬಿದ್ದು ಒಪ್ಪಿಸಿದೆ.

ಮರುದಿನ ಬೆಂಚಿನ ಮೇಲೆ ಹನ್ನೊಂದಕ್ಕೆ ಗುಳಿಗೆ ಕೊಟ್ಟೆ. ಚೀಲದಿಂದ ಡಬ್ಬಿ ತೆಗೆದು ಜೊತೆಗೆ ಒಂದು ಪೇಡೆಯನ್ನೂ ಕೊಟ್ಟೆ. ಚಾಚಾನ ಕುತ್ತಿಗೆ ನಿಧಾನವಾಗಿ ನನ್ನ ಕಡೆ ತಿರುಗಿತು.

"ತಂಗೆವ್ವಾ, ಅದೇನದು?"

"ಪೇಡೆರಿ."

"ಇವತ್ತ ಏನರ ಹಬ್ಬ ಏನು?"

ನಾನು ಡಬ್ಬಿಯ ಮುಚ್ಚಳ ಹಾಕತೊಡಗಿದೆ. ನಿಮ್ಮ ಅಜ್ಜನೇ ಹೇಳಿದರು: "ಇಲ್ಲರಿ, ದಿನಾ ಕೊಡ್ತಾಳ. ಗುಳಿಗಿಗೆ ಒಂದು, ಒಂದಕ್ಕೊಂದು."

ಯಾಕೆಂದು ಹೇಳಬೇಕಲ್ಲ. ಧಾರವಾಡದಲ್ಲಿ ಬ್ಯಾನಿ ಬಿದ್ದವರನ್ನು ನೋಡಲು ಬರುವವರು ಖಾಲಿ ಕೈಯಲ್ಲಿ ಬರುವುದಿಲ್ಲ, ಪೇಡೆ ತರುತ್ತಾರೆ. ನಮ್ಮ ಮನೆಯಲ್ಲಿ ಆ ವರ್ಷ ಅಕ್ಕಿ ತೀರಿದರೂ ಪೇಡೆ ತೀರಲಿಲ್ಲ. ಇಷ್ಟು ಪೇಡೆಯನ್ನು ಏನು ಮಾಡುವುದು? ಅಜ್ಜನಿಗೆ ಗುಳಿಗೆ ಕಂಡರೆ ಮುಖ ಗಂಟು, ಪೇಡೆ ಕಂಡರೆ ಬಾಯಿ ತೆರೆಯುತ್ತಿತ್ತು. ಔಷಧ ಸಿಹಿಯ ಜೊತೆ ಹೊಟ್ಟೆಗೆ ಹೋದರೆ ಶುಭವೂ ಆಯಿತು ಎಂದು ನಾನೇ ತಲೆ ಓಡಿಸಿದ್ದೆ. ಬಹಳ ಜಾಣತನ ಮಾಡಿದೆ ಎಂದುಕೊಂಡಿದ್ದೆ.

ಚಾಚಾ ಹಣೆ ಬಡಿದುಕೊಳ್ಳಲು ಕೈ ಎತ್ತಿದರು. ಆ ಕೈ ನಡುಗುತ್ತ ನಡುಗುತ್ತ ಹಣೆಯ ತನಕ ಹೋಗುವುದರೊಳಗೆ ಅವರ ಸಿಟ್ಟು ಆರಿ ಹೋಗಿ, ಸುಮ್ಮನೆ ಟೋಪಿ ಸರಿ ಮಾಡಿಕೊಂಡು ಕೆಳಗಿಳಿಸಿದರು.

"ಕಂಡಕ್ಟರ್ ಸಾಹೇಬ್ರ," ಎಂದರು, "ಒಂದ ಮಾತ ಕೇಳ್ತೇನಿ. ಸಂತಿ ದಿನ ಬಸ್ಸಿಗೆ ಬಾಗಲಾ ಎಷ್ಟ?"

"ಹತ್ತಾಕ ಒಂದ."

"ಒಬ್ಬಾಂವ ಬಡಕ ಮನಶಾ, ಕೈಯಾಗ ಅರ್ಜಂಟ್ ಕಾಗದ ಹಿಡಕೊಂಡು ನಿಂತಾನ. ಅವನ ಬಾಜೂಕ ಐದು ಮಂದಿ ಜಟ್ಟಿ, ತಲಿ ಮ್ಯಾಲ ಗಂಟು. ಬಾಗಲಾ ತೆರೀತು. ಯಾರು ಒಳಗ ಬರ್ತಾರ?"

"ಗಂಟಿನವರ ಬರ್ತಾರ. ಬಡಕಾಂವ ಫುಟ್‌ಬೋರ್ಡಿಗೂ ಸಿಗೂದಿಲ್ಲ."

"ಆ ಬಡಕಾಂವ ನಿಮ್ಮ ಗುಳಿಗಿ. ಜಟ್ಟಿ ಅಂದ್ರ ಪೇಡೆ. ಹಾಲು, ಮೊಸರು, ಬ್ಯಾಳಿ, ಝುಣಕ, ತತ್ತಿ, ಎಲ್ಲಾ ಜಟ್ಟಿಗೋಳ. ಹೊಟ್ಟ್ಯಾಗಿಂದ ಮ್ಯಾಲ ಹೋಗಾಕ ಇವಕೂ ಗುಳಿಗಿಗೂ ಒಂದ ಬಾಗಲಾ. ಆರು ತಿಂಗಳಿಂದ ನಿಮ್ಮ ಗುಳಿಗಿ ಸ್ಟ್ಯಾಂಡಿನ್ಯಾಗ ನಿಂತದ್ರಿ ಪಾಪ!"

ಅಜ್ಜ ನನ್ನ ಕಡೆ ನೋಡಿದರು. ಬೈಯಲಿಲ್ಲ. ಸಿಬ್ಬಂದಿಯ ತಪ್ಪು ಕಂಡ ಕಂಡಕ್ಟರನ ಹಾಗೆ ನೋಡಿದರು, ಅಷ್ಟೇ. ಆಮೇಲೆ ಬಹಳ ಚಿಂತೆಯಿಂದ, "ಹಂಗಾರ ಪೇಡೆ ಬಂದ್?" ಎಂದು ಕೇಳಿದರು.

"ಬಂದ್ ಯಾಕ್ರಿ? ಪೇಡೆ ಮುಂದಿನ ಬಸ್ಸಿಗೆ ಬರಲಿ. ಗುಳಿಗಿ ಹೋಗಿ ಒಂದ ತಾಸು ಆಗಲಿ. ಮತ್ತ ನಾಕು ಪೇಡೆ ಯಾಕ? ಒಂದ ಸಾಕು."

ಆಗ ನಾನು ಮೆಲ್ಲಗೆ, ಇವರು ಗುಳಿಗೆ ಬಿಡುತ್ತೇನೆ ಅನ್ನುತ್ತಿದ್ದಾರೆ ಎಂದು ಹೇಳಿದೆ. ಚಾಚಾನ ಮುಖದಲ್ಲಿದ್ದ ಆಟವೆಲ್ಲ ಹೋಯಿತು. "ಓಡೂ ಬಸ್ಸಿನ್ಯಾಗಿಂದ ಜಿಗೀತೀರೇನು ಸಾಹೇಬ್ರ?" ಎಂದರು. "ನಾ ಜಿಗದಿದ್ದೆ. ನಾಕ ದಿನ ಬಿಟ್ಟಿದ್ದೆ. ಐದನೇ ದಿನ ಕಟಗಿ ಆಗಿದ್ದೆ, ಮಗಾ ಎತಗೊಂಡು ತಂದು ಇಲ್ಲಿ ಹಾಕಿದ. ಬಿಡೂದಿದ್ರ, ಕಮ್ಮಿ ಮಾಡೂದಿದ್ರ, ಒಳಗಿನವರು ಹೇಳಬೇಕು. ನಾವಲ್ಲ."

ಇನ್ನು ಉಳಿದದ್ದು ಒಳಗಿನವರಿಗೆ ಪೇಡೆಯ ವಿಷಯ ಹೇಳುವುದು. ಆರು ತಿಂಗಳು ಆ ಕೋಣೆಯಲ್ಲಿ ನಾನು "ಹೂಂರಿ" ಬಿಟ್ಟು ಬೇರೆ ಶಬ್ದ ಆಡಿರಲಿಲ್ಲ. ಅಜ್ಜನ ದನಿ ಮೇಜು ದಾಟುತ್ತಿರಲಿಲ್ಲ. ಹೇಳದಿದ್ದರೆ ಡಾಕ್ಟರರು ಗುಳಿಗೆ ಹೆಚ್ಚಿಗೆ ಮಾಡುವವರೇ. ಚಾಚಾ ಅಲ್ಲೇ ತಾಲೀಮು ಶುರು ಮಾಡಿದರು. ಜುಬ್ಬಾದ ಕಿಸೆಯಿಂದ ಗಡಿಯಾರ ನೋಡುವ ಕಣ್ಣುಗಾಜು ತೆಗೆದು ಒಂದು ಕಣ್ಣಿಗೆ ಸಿಗಿಸಿಕೊಂಡು ಡಾಕ್ಟರ್ ಆದರು.

"ಏನಮ್ಮಾ, ಏನ್ ತ್ರಾಸ?"

ಗಾಜಿನ ಹಿಂದೆ ಅವರ ಕಣ್ಣು ಎತ್ತಿನ ಕಣ್ಣಿನಷ್ಟು ದೊಡ್ಡದಾಗಿ ಕಂಡು ನನಗೆ ನಗು ತಡೆಯಲಾಗಲಿಲ್ಲ.

"ನಗಬ್ಯಾಡ್ರಿ, ಡಾಕ್ಟರ್ ಸಿಟ್ಟಾಗ್ತಾರ. ಹೇಳ್ರಿ."

"ಪೇಡೆ…"

"ಕೇಳಸಲಿಲ್ಲ. ಜೋರ ಹೇಳ್ರಿ ತಂಗೆವ್ವಾ!"

"ಪೇಡೆ ಕೊಟ್ಟೇನ್ರಿ!" ಎಂದೆ. ಔಷಧದ ಕಿಟಕಿಯಲ್ಲಿದ್ದ ಹುಡುಗಿ ಹೊರಗೆ ಇಣುಕಿ ನೋಡಿದಳು.

ಕೊನೆಗೆ ಚಾಚಾನೇ ದಾರಿ ತೋರಿಸಿದರು. "ಸಾಲಿ ಕಲ್ತೀರಿ ಹೌದಲ್ಲ? ಬರೀರಿ." ಔಷಧದ ಚೀಟಿಯ ಬೆನ್ನಿಗೆ ಬರೆದೆ: ಮುಂಜಾನೆ ಏಳಕ್ಕೆ ಗುಳಿಗೆ ಮತ್ತು ಪೇಡೆ. ಹನ್ನೊಂದಕ್ಕೆ ಗುಳಿಗೆ ಮತ್ತು ಪೇಡೆ. ಹೀಗೇ ರಾತ್ರಿ ಊಟದ ತನಕ. ಒಳಗೆ ಹೋಗಿ ಅದನ್ನು ಕವಿತೆ ಓದಿದ ಹಾಗೆ ನಿಂತುಕೊಂಡೇ ಓದಿದೆ. ಡಾಕ್ಟರ್ ಬಾಯಿ, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು.

"ನಾ ಇವತ್ತ ಡೋಸ್ ಏರಸಬೇಕಂತ ಮಾಡಿದ್ದೆ," ಎಂದರು. "ಏರಸೂದಿಲ್ಲ. ಮೊದಲ ಊಟಕ್ಕ ಅರ್ಧಾ ತಾಸು ಮುಂಚೆ ನೀರಿನ ಜೋಡಿ ಕೊಡ್ರಿ, ಒಂದ ತಿಂಗಳ ನೋಡೋಣ. ಇದನ್ನ ಬರೀರಿ ಅಂತ ಯಾರ ಹೇಳಿದ್ರು ನಿಮಗ?"

"ಹೊರಗ… ಗಡಿಯಾರದ ಚಾಚಾ."

"ಅವರು ಇವತ್ತೂ ಬಂದಾರೇನು? ಅವರನ್ನ ನಾ ನೋಡೂದು ಇನ್ನ ಮುಂದಿನ ತಿಂಗಳ!"

ಆಗ ಗೊತ್ತಾಯಿತು ನೋಡಿ. ತಮ್ಮ ಪಾಳಿ ಇರಲಿ ಬಿಡಲಿ, ಆ ಮನುಷ್ಯ ವಾರದಲ್ಲಿ ಮೂರು ದಿನ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಹೊರಗೆ ಬಂದು ಹಾಗೇಕೆ ಎಂದು ಅಜ್ಜ ಕೇಳಿದರೆ, "ಮನ್ಯಾಗ ಕುಂತ್ರ ಹೆಂಡತಿ ಬೆಳ್ಳುಳ್ಳಿ ಸುಲಿಯಾಕ ಹಚ್ಚತಾಳ್ರಿ," ಅಂದರು.

ಹದಿನೈದು ದಿನಕ್ಕೆ ಚಾಚಾ ಧಾರವಾಡಕ್ಕೆ ಬಂದರು, ಬಗಲಲ್ಲಿ ಈ ಗಡಿಯಾರ. ಅಂಗಡಿಯಲ್ಲಿ ವಾರಸುದಾರರಿಲ್ಲದೆ ಬಿದ್ದಿತ್ತಂತೆ, ಹಿಂದೆ ಅಲಾರ್ಮಿನ ಗಂಟೆ ಹೊಡೆಯುವ ಕೀಲಿಯೂ ಇತ್ತು. "ಟಿಕಳಿ ಅದಾವೇನ್ರಿ?" ಎಂದು ಕೇಳಿದರು. ನನ್ನ ಪಾಕೀಟು ತಂದುಕೊಟ್ಟೆ. ಕೈ ನಡುಗಿ ತಮಗೆ ಅಂಟಿಸಲಾಗದೆ, ಎಲ್ಲೆಲ್ಲಿ ಎಂದು ಬೆರಳು ತೋರಿಸಿದರು, ನಾನು ಹಚ್ಚಿದೆ. ಏಳಕ್ಕೆ, ಹನ್ನೊಂದಕ್ಕೆ, ಮೂರಕ್ಕೆ ಕೆಂಪು; ಅವು ಗುಳಿಗೆ. ಎಂಟಕ್ಕೆ, ಹನ್ನೆರಡೂವರೆಗೆ, ನಾಲ್ಕಕ್ಕೆ ಹಸಿರು; ಅವು ಹೊಟ್ಟೆಗೆ. ನಾಲ್ಕರ ಹಸಿರು ಪೇಡೆಯದು. ನಾಲ್ಕು ಗುಳಿಗೆಗೆ ಮೂರೇ ಕೆಂಪು ಟಿಕಳಿ ಯಾಕೆ ಎಂದು ನಿಮ್ಮಲ್ಲಿ ಯಾರಿಗೆ ಮೊದಲು ಹೊಳೆಯುತ್ತದೋ ಅವರಿಗೆ ಒಂದು ಪೇಡೆ.

ತಿಂಗಳಾಗುವ ಮುಂಚೆಯೇ ಅಜ್ಜ ಅಂಗಿಯ ಗುಂಡಿ ತಾವೇ ಹಾಕಿಕೊಂಡರು. ಒಂದು ದಿನ ಪಡಸಾಲೆಯಿಂದ "ನೀರು!" ಎಂಬ ದನಿ ಬಂತು. ನಾನು ಪಕ್ಕದ ಮನೆಯವರು ಎಂದುಕೊಂಡು ಸುಮ್ಮನಿದ್ದೆ. ಎರಡನೇ ಸಲ ಕೂಗಿದಾಗ ಎದ್ದು ಓಡಿದೆ.

ಆದರೂ ಕೂಸಿನ ಮಾತು ಬಂದರೆ ಕೈಗಳನ್ನು ಹೊದಿಕೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಕೂಸು ಹುಟ್ಟಿತು, ತೊಟ್ಟಿಲ ಕಾರ್ಯದ ದಿನ ಗೊತ್ತಾಯಿತು. ಚಾಚಾ ಹೇಳಿದರು: "ಹನ್ನೊಂದರ ಗುಳಿಗಿ ಹನ್ನೆರಡಕ್ಕ ಪೂರಾ ಹತ್ತತದ. ಒಂದೂವರಿ ತನಕಾ ಕೈ ನಿಮ್ಮ ಮಾತ ಕೇಳತಾವ, ಆಮ್ಯಾಲ ಇಳೀತದ. ಆ ನಡುವ ಕೂಸಿನ್ನ ತಗೋರಿ. ನಾ ಬರ್ತೇನಿ."

ಮುಹೂರ್ತವೂ ಹನ್ನೆರಡಕ್ಕೇ ಇತ್ತು. ಎಲ್ಲ ಹೊಂದಿತು ಎಂದುಕೊಂಡೆವು. ಆದರೆ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ, ಅಂದರೆ ನನ್ನ ಮಗಳು, ಬರುತ್ತಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಫೋನು ಮಾಡಿ, ಎರಡು ಗಂಟೆಯಾದೀತು ಅಂದಳು. ನೆರೆದ ಹೆಂಗಸರು ಚಹಾ ಕುಡಿದರು, ಮತ್ತೊಮ್ಮೆ ಕುಡಿದರು. ಅಡುಗೆಯವರು ಹೋಳಿಗೆ ಮುಚ್ಚಿಟ್ಟರು. ಅಜ್ಜ ಹೊಸ ಧೋತರ ಉಟ್ಟು ಕುರ್ಚಿಯ ಮೇಲೆ ಕೂತು ತಮ್ಮ ಕೈಗಳನ್ನೇ ನೋಡುತ್ತಿದ್ದರು. ಹನ್ನೆರಡೂವರೆ ಆಯಿತು. ಒಂದಾಯಿತು. ಕೈಗಳು ಇನ್ನೂ ಸುಮ್ಮನಿದ್ದವು.

ಕೂಸು ಇದ್ದದ್ದು ಅಜ್ಜನ ಅಕ್ಕನ ಕೈಯಲ್ಲಿ. ಉಪ್ಪಿನಬೆಟಗೇರಿಗೆ ಮದುವೆಯಾಗಿ ಹೋದವರು, ಬೆಟಗೇರಿ ಅಕ್ಕ ಎಂದು ನೀವೂ ಕೇಳಿದ್ದೀರಿ. ನಾನು ಮದುವೆಯಾಗಿ ಬಂದ ದಿನದಿಂದ ಅವರ ಎದುರು ತಲೆ ಎತ್ತಿದವಳಲ್ಲ. ಕೂಸು ಕೈಕಾಲು ಒದೆದಾಡಿದರೂ ಅವರ ಮುಖ ನೋಡಿ ಸುಮ್ಮನಾಗುತ್ತಿತ್ತು.

ಚಾಚಾ ಟಿಕಳಿಯ ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದವರು ಎದ್ದರು. "ಅಕ್ಕಾರ, ಹೆಸರು ಆಮ್ಯಾಲ ಇಡ್ರಿ. ಕೂಸಿನ್ನ ಮೊದಲ ಅವರ ತೊಡಿ ಮ್ಯಾಲ ಕೊಡ್ರಿ."

"ತೊಟ್ಟಲಕ್ಕ ಹಾಕೂಕಿಂತ ಮುಂಚೆ ತೊಡಿ ಮ್ಯಾಲ ಹಾಕೂದು ನಮ್ಮಲ್ಲಿ ಇಲ್ಲ," ಎಂದರು ಅಕ್ಕ. "ಸೋದರತ್ತಿ ಬರಲಿ, ಕೂಸಿನ ಕಿವ್ಯಾಗ ಕುರ್ ಅಂದು ಹೆಸರು ಹೇಳಲಿ, ಹೆಂಗಸರ ಕಡೆ ಬೆನ್ನಿಗೆ ಗುದ್ದು ತಿನ್ನಲಿ. ಎಲ್ಲಾ ಶಾಸ್ತ್ರದಂಗ ಆಗಲಿ."

"ಗುಳಿಗಿ ಹೊತ್ತು ಮೀರತದ್ರಿ."

"ಗುಳಿಗಿಗೂ ಮುಹೂರ್ತ ಅದ ಏನ್ರಿ?"

"ಅದ್ರಿ ಅಕ್ಕಾರ. ನಿಮ್ಮ ಪಂಚಾಂಗದ್ದಕ್ಕಿಂತ ಕಡಕ್ ಅದ. ಒಂದೂವರಿಗೆ ಮುಗೀತದ."

"ಇಷ್ಟ ವರ್ಷ ಆತು, ನಮ್ಮನ್ಯಾಗ ಗಡಿಯಾರದಾಂವ ಶಾಸ್ತ್ರ ಹೇಳಿದ್ದಿಲ್ಲ!"

"ನಾನೂ ಇಷ್ಟ ವರ್ಷ ಯಾರಿಗೂ ಹೇಳಿದ್ದಿಲ್ರಿ, ಇದು ಮೊದಲನೇ ಸಲ!"

ಇಬ್ಬರೂ ಹೀಗೆ ಗುದ್ದಾಡುತ್ತಿದ್ದಾಗ ಗಡಿಯಾರ ಗಣಗಣ ಬಡಿಯತೊಡಗಿತು. ಒಂದೂ ಕಾಲಕ್ಕೆ ಚಾಚಾ ಕೀಲಿ ಕೊಟ್ಟಿಟ್ಟಿದ್ದರು. ಅದನ್ನು ನಿಲ್ಲಿಸುವ ಗುಂಡಿ ಅವರ ನಡುಗುವ ಬೆರಳಿಗೆ ಸಿಗದೆ ಬಡಿದುಕೊಳ್ಳುತ್ತಲೇ ಇತ್ತು. ನಿಮ್ಮ ಅಜ್ಜ ಒಮ್ಮೆ ಗಡಿಯಾರದ ಕಡೆ ನೋಡಿದರು. ಎರಡೂ ಕೈಗಳನ್ನು ಮೆಲ್ಲಗೆ ಧೋತರದ ಮಡಿಕೆಯ ಕೆಳಗೆ ಸರಿಸಿಕೊಂಡರು.

ಅದನ್ನು ನಾನು ನೋಡಿದೆ.

"ಅಕ್ಕಾರ, ಕೂಸು ಕೊಡ್ರಿ," ಎಂದೆ. ಗಡಿಯಾರದ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಚಾಚಾನಿಗೆ ಮಾತ್ರ ನನ್ನ ತುಟಿ ಅಲುಗಿದ್ದು ಕಂಡಿತು.

"ಜೋರ ಹೇಳ್ರಿ ತಂಗೆವ್ವಾ!"

"ಕೂಸು ಕೊಡ್ರಿ ಅಂದೆ!"

ಸರಿಯಾಗಿ ಅದೇ ಗಳಿಗೆಗೆ ಗಡಿಯಾರದ ಬಡಿತ ನಿಂತಿತು. ನನ್ನ ದನಿ ಒಂದೇ ಮನೆ ತುಂಬ ಉಳಿಯಿತು. ಹಿತ್ತಲಲ್ಲಿ ಅಡುಗೆಯವರ ಸೌಟು ಸದ್ದು ನಿಲ್ಲಿಸಿತು. ಬೆಟಗೇರಿ ಅಕ್ಕ ನನ್ನನ್ನು ಈಗಷ್ಟೇ ಮನೆಗೆ ಬಂದವಳೆಂಬಂತೆ ನೋಡಿದರು. ಆಮೇಲೆ ಎದ್ದು ಬಂದು ಕೂಸನ್ನು ತಮ್ಮನ ತೊಡೆಯ ಮೇಲಿಟ್ಟರು.

ಅಜ್ಜನ ಕೈ ಹೊರಗೆ ಬಂದವು. ಒಂದು ತಲೆಯ ಕೆಳಗೆ, ಒಂದು ಬೆನ್ನಿನ ಕೆಳಗೆ. ಅಲುಗಲಿಲ್ಲ. ಕೂಸು ಅವರನ್ನು ನೋಡಿತು, ಅವರು ಕೂಸನ್ನು ನೋಡಿದರು. ಆಮೇಲೆ ಆ ಹೊಸ ಧೋತರ ನಿಧಾನವಾಗಿ ಒದ್ದೆಯಾಗತೊಡಗಿತು.

ಚಾಚಾ ಕೈ ಎತ್ತಿ ಸಾರಿದರು: "ಇದು ಗುಳಿಗಿ ಗುಣ ಅಲ್ರಿ! ಡಾಕ್ಟರಿಗೆ ಹೇಳೂದು ಬ್ಯಾಡ!"

ಹಿರಿಯವಳೇ, ಅದು ನೀನು. ಹತ್ತು ನಿಮಿಷ ಅಜ್ಜನ ತೊಡೆಯ ಮೇಲಿದ್ದೆ. ಅವರು ನಿನ್ನ ಕಿವಿಯ ಹತ್ತಿರ ಬಾಗಿ ಏನೋ ಅಂದರು. ಹೆಸರೋ ಎಂದು ಬೆಟಗೇರಿ ಅಕ್ಕ ಗಾಬರಿಯಾಗಿ ಕೇಳಿದರು. "ಹೆಸರಲ್ಲ," ಎಂದರು ಅಜ್ಜ, "ರೈಟ್ ಅಂದೆ."

ನನ್ನ ಮಗಳು ಎರಡಕ್ಕೆ ಬಂದು ಎಲ್ಲ ಶಾಸ್ತ್ರ ಮಾಡಿದಳು, ಗುದ್ದೂ ತಿಂದಳು. ಇಷ್ಟೆಲ್ಲ ಆಗಿ ಚಾಚಾ ಹೊರಡಲು ಎದ್ದರು. ಬಾಗಿಲ ತನಕ ಬಂದರು. ಹೊಸ್ತಿಲ ಮುಂದೆ ಅವರ ಕಾಲು ನೆಲಕ್ಕೆ ಅಂಟಿಕೊಂಡವು. ಈ ಕಾಯಿಲೆಯಲ್ಲಿ ಹಾಗಾಗುತ್ತದೆ, ಮನಸ್ಸು ನಡೆ ಅಂದರೂ ಕಾಲು ಕೇಳುವುದಿಲ್ಲ. ಅವರ ಸ್ವಂತ ಗುಳಿಗೆ ಒಂದು ಗಂಟೆಗೆ ಇತ್ತು. ನಮ್ಮ ಗಡಿಯಾರ ಕಾಯುತ್ತ, ಅಕ್ಕನ ಜೊತೆ ಜಗಳಾಡುತ್ತ, ಮೂರು ಗಡಿಯಾರ ಕಟ್ಟಿಕೊಂಡ ಆ ಮನುಷ್ಯ ತಮ್ಮ ಗುಳಿಗೆಯನ್ನು ಮರೆತಿದ್ದರು.

ಹುಡುಗರು ಓಡಿ ಬಂದು ರಟ್ಟೆ ಹಿಡಿದು ಎಳೆಯಹೋದರು. "ಎಳೀಬ್ಯಾಡ್ರಪಾ, ಬೀಳ್ತೇನಿ," ಎಂದರು. ಅವರ ಹಣೆಯ ಮೇಲೆ ಬೆವರು. ಅವರ ನಗು ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು. ಕಣ್ಣಿನಲ್ಲಿ ನಾನು ಮೊದಲ ಬಾರಿ ಹೆದರಿಕೆ ಕಂಡೆ. ಅಷ್ಟು ಜನರ ಮುಂದೆ ಹಾಗೆ ನಿಲ್ಲುವುದು ಯಾರಿಗೆ ಬೇಕು?

ಅಜ್ಜ ಕುರ್ಚಿಯಿಂದ ಎದ್ದರು. ಅವರ ಗುಳಿಗೆಯ ಹೊತ್ತೂ ಮುಗಿದಿತ್ತು, ಕೈ ನಡುಗುತ್ತಿತ್ತು. ಒದ್ದೆ ಧೋತರದಲ್ಲೇ ಬಂದು ಚಾಚಾನ ಹಿಂದೆ ನಿಂತರು. ಬಾಗಿಲ ಚೌಕಟ್ಟಿಗೆ ಕೈ ಊರಿದರು, ಮೂವತ್ತು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತ ಹಾಗೆ.

"ಹೋಲ್ಡಾನ್," ಎಂದರು. ಎಳೆಯುತ್ತಿದ್ದ ಹುಡುಗರು ಕೈ ಬಿಟ್ಟರು.

"ರೈಟ್!"

ಚಾಚಾನ ಬಲಗಾಲು ಎದ್ದು ಹೊಸ್ತಿಲು ದಾಟಿತು.

"ರೈಟ್! ರೈಟ್!"

ಎಡಗಾಲೂ ದಾಟಿತು. ಹೀಗೆ ಒಂದೊಂದು ಹೆಜ್ಜೆಗೆ ಒಂದೊಂದು ರೈಟ್ ಕೊಡುತ್ತ ಅಜ್ಜ ಅವರನ್ನು ಹೊರಗಿನ ಕಟ್ಟೆಯ ತನಕ ನಡೆಸಿ ಕೂರಿಸಿದರು. ಬೆಟಗೇರಿ ಅಕ್ಕ ತಾವೇ ನೀರು ತಂದುಕೊಟ್ಟರು. ಚಾಚಾ ಗುಳಿಗೆ ನುಂಗಿ, ಸುಧಾರಿಸಿಕೊಂಡು, ತಟ್ಟೆಯಲ್ಲಿದ್ದ ಪೇಡೆಯ ಕಡೆಗೆ ಕೈ ಚಾಚಿದರು. ಅಕ್ಕ ತಟ್ಟೆಯನ್ನು ಆಚೆ ಎಳೆದುಕೊಂಡರು.

"ಒಂದ ತಾಸು ತಡೀರಿ. ಮುಹೂರ್ತ ಇಲ್ಲ."

ಆಮೇಲೆ ಅಜ್ಜ ಎಂಟು ವರ್ಷ ಇದ್ದರು. ನೀವು ಮೂವರೂ ಆ ತೊಡೆಯ ಮೇಲೆ ಬೆಳೆದಿರಿ, ಬಹಳ ಸಲ ಒದ್ದೆ ಮಾಡಿದಿರಿ. ಗುಳಿಗೆಗಳು ಬದಲಾದವು, ಹೊತ್ತು ಬದಲಾಯಿತು, ಟಿಕಳಿ ಕಿತ್ತು ಬೇರೆ ಕಡೆ ಹಚ್ಚಿದೆವು. ಅಜ್ಜ ಹೋದ ಮೇಲೆ ನಾನು ಮತ್ತೆ ಅವನ್ನು ಮೊದಲಿನ ಜಾಗಕ್ಕೇ ತಂದಿಟ್ಟೆ. ನಾಲ್ಕಕ್ಕೆ ಒಂದು ಪೇಡೆ ತಿನ್ನುತ್ತೇನೆ. ನೀವು ಕದ್ದು ನೋಡಿದ್ದು ಅದನ್ನೇ.

ಹೋದ ತಿಂಗಳು ಚಾಚಾನ ಮಗ ಫೋನು ಮಾಡಿದಾಗ ನಿಮ್ಮ ಅಪ್ಪನ ಜೊತೆ ಹುಬ್ಬಳ್ಳಿಗೆ ಹೋದೆ. ಸಣ್ಣ ಓಣಿ, ಸಣ್ಣ ಮನೆ. ಹೆಂಗಸರು ಒಳಗೆ ಗೋಡೆಯ ಬದಿಗೆ ನಿಂತಿದ್ದೆವು, ಚಾಚಾನ ಹೆಂಡತಿ ನನ್ನ ಪಕ್ಕದಲ್ಲಿ. ಗಂಡಸರು ಚಾಚಾನನ್ನು ಹೊತ್ತು ಹೊರಟರು. ಬಾಗಿಲು ಇಕ್ಕಟ್ಟು. ಹೊಸ್ತಿಲ ಹತ್ತಿರ ಬಂದು, ಮೊದಲು ಯಾರು ಕಾಲಿಡಬೇಕು ಎಂದು ತಿಳಿಯದೆ, ಎಲ್ಲರೂ ಒಂದು ಗಳಿಗೆ ನಿಂತುಬಿಟ್ಟರು.

ಹಿಂದೆ ನಿಂತು ಹೇಳಲು ನಿಮ್ಮ ಅಜ್ಜ ಇರಲಿಲ್ಲ.

"ರೈಟ್," ಎಂದೆ. ನನಗೇ ಕೇಳಿಸಿತೋ ಇಲ್ಲವೋ.

ಚಾಚಾನ ಹೆಂಡತಿ ನನ್ನ ಕೈ ಹಿಡಿದರು. ಆ ಹೊಸ್ತಿಲಿನ ಕಥೆಯನ್ನು ಅವರು ಮನೆಯಲ್ಲಿ ಎಷ್ಟು ಸಲ ಕೇಳಿದ್ದರೋ. ಅಳುವಿನ ನಡುವೆಯೇ ನನ್ನ ಕಿವಿಗೆ ಬಾಗಿ, "ಜೋರ ಹೇಳ್ರಿ," ಎಂದರು.

ಜೋರಾಗಿ ಹೇಳಿದೆ. ಚಾಚಾ ಹೊಸ್ತಿಲು ದಾಟಿದರು.